ಮುಚ್ಚಳದ ಮೇಲಿನ ಕುಂಕುಮ

೮ ಅಕ್ಟೋಬರ್ ೧೯೪೩, ಶುಕ್ರವಾರ, ವಿಜಯದಶಮಿ

ನಿನ್ನೆ ಆಯುಧಪೂಜೆಗೆ ಕಾರು ತೊಳೆದು ಗಂಗಣ್ಣನ ಸೊಂಟ ಹಿಡಿದುಕೊಂಡಿದೆಯಂತೆ. ಬೆಳಗ್ಗೆಯಿಂದ ನರಳುತ್ತಾ ಓಡಾಡುತ್ತಿದ್ದಾನೆ. ವರ್ಷಕ್ಕೊಂದು ಸಲ ತೊಳೆದರೆ ಹೀಗೇ ಆಗುವುದು ಎಂದೆ. ಮೈದುನನಿಗೆ ಕೋಪ ಬಂತು. ಬರಲಿ.

ಯಾರ ಹತ್ತಿರ ಏನು ಹೇಳಿಕೊಂಡರೂ ಸಂಜೆಯೊಳಗೆ ಅತ್ತೆಯ ಕಿವಿ ಮುಟ್ಟುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ, ಗಂಗಣ್ಣನಿಗೆ ಬರುತ್ತದಾದರೂ ಓದುವ ಚಟವಿಲ್ಲ.

ನಮ್ಮದು ಬಾಡಿಗೆ ಕಾರು. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಜನರನ್ನು ಕರೆದೊಯ್ಯುತ್ತದೆ, ಕರೆತರುತ್ತದೆ. ಮೊದಲು ಪೆಟ್ರೋಲಿನಲ್ಲಿ ಓಡುತ್ತಿತ್ತು. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಹೋದ ಮೇಲೆ ನಮ್ಮ ಯಜಮಾನರು ಹಿಂದುಗಡೆ ಕಬ್ಬಿಣದ ದೊಡ್ಡ ಒಲೆ ಕಟ್ಟಿಸಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡುವ ಹಾಗೆ ಮಾಡಿಸಿದರು. ಅದಾದ ಮರುವರ್ಷ ಅವರು ಮಿಲಿಟರಿ ಲಾರಿ ಓಡಿಸಲು ಸೇರಿ ಹೊರಟುಹೋದರು. ಅಸ್ಸಾಮಿನ ಕಡೆ ಇದ್ದೇನೆ, ಕ್ಷೇಮ ಎಂದು ಆಷಾಢದಲ್ಲಿ ಕಾಗದ ಬಂದದ್ದೇ ಕೊನೆ. ಈಗ ಕಾರು ಓಡಿಸುವವನು ಅವರ ತಮ್ಮ ಗಂಗಣ್ಣ. ಮನೆ ಓಡಿಸುವವರು ಅತ್ತೆ. ನಾನು ಇಬ್ಬರಿಂದಲೂ ಬೈಸಿಕೊಳ್ಳುವವಳು.

ಯಜಮಾನರು ಹೋದಾಗಿನಿಂದ ಮಂಗಳವಾರ, ಶುಕ್ರವಾರ ಬೆಳಗಾಗುವ ಮುಂಚೆ ತಲೆಗೆ ನೀರು ಹಾಕಿಕೊಂಡು, ಕಾರಿನ ಬಾನೆಟ್ ಎತ್ತಿ, ಒಳಗಿರುವ ಕರಿ ಮುಚ್ಚಳಕ್ಕೆ ಅರಿಶಿನ ಕುಂಕುಮ ನೀರಲ್ಲಿ ಕಲಸಿ ಹಚ್ಚುತ್ತೇನೆ. ಆ ಮುಚ್ಚಳದಿಂದ ನಾಲ್ಕು ತಂತಿ ಹೊರಟು ಇಂಜಿನ್ನಿನ ನಾಲ್ಕು ಸಿಲಿಂಡರಿಗೆ ಹೋಗುತ್ತವೆ. ಮದುವೆಯಾದ ವರ್ಷ ಅವರೇ ತೋರಿಸಿದ್ದರು. ಸಿಲಿಂಡರುಗಳಿಗೆ ಬೆಂಕಿ ಹಂಚುವುದು ಇದು, ಮಿಕ್ಕದ್ದೆಲ್ಲ ಬರೀ ಮೈ, ಕಾರಿನ ಜೀವ ಇಲ್ಲಿದೆ ಎಂದಿದ್ದರು. ಜೀವ ಕಾಪಾಡು ಎಂದು ಕೇಳಿಕೊಳ್ಳುವವಳು ಜೀವ ಇರುವ ಕಡೆಗೇ ಹಚ್ಚಬೇಕಲ್ಲವೆ? ಹಳೆಯದನ್ನು ಒರೆಸುವುದಿಲ್ಲ. ಗಂಡ ಯುದ್ಧದಲ್ಲಿರುವಾಗ ಕುಂಕುಮ ಒರೆಸುವ ಹೆಂಗಸು ಎಲ್ಲಾದರೂ ಉಂಟೇ? ಒಂದರ ಮೇಲೊಂದು ಹಚ್ಚುತ್ತಾ ಬಂದಿದ್ದೇನೆ. ನಿನ್ನೆ ಹಬ್ಬವೆಂದು ಕೈ ಬಿಚ್ಚಿ ಹಚ್ಚಿದೆ, ಇವತ್ತು ಶುಕ್ರವಾರದ್ದನ್ನೂ ಹಚ್ಚಿದೆ.

ಬೆಳಗ್ಗೆ ಹೊರಟಾಗ ಕಾರು ಕೆಮ್ಮುತ್ತಾ ಹೋಯಿತು. ಗಂಗಣ್ಣ ಅದಕ್ಕೂ ಸೊಂಟನೋವು ಎಂದ.

೧೨ ಅಕ್ಟೋಬರ್, ಮಂಗಳವಾರ

ಕಾರು ರಾಜಾನುಕುಂಟೆಯ ಏರಿನಲ್ಲಿ ನಿಂತೇಬಿಟ್ಟಿತಂತೆ. ಸೀರೆಯ ಗಂಟು ಇಟ್ಟುಕೊಂಡು ಕೂತಿದ್ದ ಸಾಹುಕಾರರೆಲ್ಲ ಇಳಿದು ತಳ್ಳಬೇಕಾಯಿತು. ಅವರಲ್ಲೊಬ್ಬರು ಇನ್ನು ಮೇಲೆ ರೈಲಿನಲ್ಲೇ ಹೋಗುತ್ತೇನೆ ಎಂದು ಮುಖ ತಿರುಗಿಸಿಕೊಂಡು ಹೋದರಂತೆ.

ಕಾರು ಮಿಸ್ ಹೊಡೆಯುತ್ತಿದೆ ಎನ್ನುತ್ತಾನೆ ಗಂಗಣ್ಣ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ಮಾಡದೆ ಸುಮ್ಮನೆ ಕೂತರೆ ಹಾಗೆ ಅನ್ನುತ್ತಾರಂತೆ. ನಮ್ಮ ಮನೆಯಲ್ಲೂ ಒಂದು ಹಾಗೆ ಕೂತಿರುತ್ತದೆ ಎಂದು ಅತ್ತೆ ಅವನನ್ನು ನೋಡಿದರು. ನಾನು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದೆ.

ಇದ್ದಿಲಿನ ದೋಷವಂತೆ. ಮಾಕಳಿದುರ್ಗದ ಕಡೆಯಿಂದ ಬಂದ ಈ ಸಲದ ಇದ್ದಿಲು ಹಸಿ ಎಂದು ಅವನ ವಾದ. ಹೊಗೆ ಸೋಸುವ ಡಬ್ಬವನ್ನೂ ಬಿಚ್ಚಿ ತೊಳೆದ. ಅಂಗಳವೆಲ್ಲ ಮಸಿ. ಗುಡಿಸಿದವಳು ನಾನು.

೧೪ ಅಕ್ಟೋಬರ್, ಗುರುವಾರ

ಒಳ್ಳೆಯ ಬಿಸಿಲು. ಚಾಪೆಯ ಮೇಲೆ ಇದ್ದಿಲು ಹರಡಿ ಒಣಗಿಸಿದೆವು. ಕಾರು ಚೆನ್ನಾಗಿ ಓಡಿತು. ನಾನು ಹೇಳಲಿಲ್ಲವೇ ಎಂದು ಗಂಗಣ್ಣ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದಾನೆ.

೧೫ ಅಕ್ಟೋಬರ್, ಶುಕ್ರವಾರ

ಒಣಗಿದ ಇದ್ದಿಲೇ ಹಾಕಿದ್ದು. ಆದರೂ ಅಂಗಳ ದಾಟುವ ಮೊದಲೇ ಮಿಸ್ ಹೊಡೆಯಿತು. ಕಾದು ಕಾದು ಬೇಸತ್ತ ಗಿರಾಕಿಗಳು ಬಸ್ಸಿಗೆ ಹೊರಟುಹೋದರು. ಗಂಗಣ್ಣ ಇಂಜಿನ್ ತಿರುಗಿಸುವ ಹ್ಯಾಂಡಲನ್ನು ನೆಲಕ್ಕೆಸೆದು ಜಗಲಿಯ ಮೇಲೆ ಕೂತ. ಅತ್ತೆ ಅಲಸಂದೆ ಬಿಡಿಸುತ್ತಿದ್ದರು.

"ಮಾರಿಬಿಡಾಣ ಅತ್ತಿಗೆ. ನೆಲಮಂಗಲದ ಅಪ್ಪಯ್ಯಣ್ಣ ಕೇಳ್ತಾವ್ನೆ. ನಾನು ಬೆಂಗಳೂರಲ್ಲಿ ವಿಮಾನದ ಕಾರ್ಖಾನೆಗೆ ಸೇರ್ಕೊತೀನಿ" ಎಂದ.

ನಿಮ್ಮಣ್ಣ ಬಂದು ಕಾರೆಲ್ಲಿ ಎಂದು ಕೇಳಿದರೆ ಏನು ಹೇಳುತ್ತೀಯ ಎಂದೆ. ಅವನು ನೆಲ ನೋಡಿದ. ಅವನು ಕೂಗಾಡಿದ್ದರೆ ನಾನೂ ಕೂಗಾಡಿ ಸುಮ್ಮನಾಗುತ್ತಿದ್ದೆ. ಹಾಗೆ ನೆಲ ನೋಡಿದ್ದಕ್ಕೆ ಹೆದರಿದೆ. ಅಣ್ಣ ಬರುತ್ತಾನೆಂಬ ನಂಬಿಕೆ ಇವನಿಗೆ ಹೋಗಿಬಿಟ್ಟಿದೆಯೇ? ಕಾರು ಮಾರುವುದೆಂದರೆ ಅವರು ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ನಾನು ಒಪ್ಪುವುದಿಲ್ಲ.

ಕೊನೆಗೆ ಒಂದು ಮಾತಾಯಿತು. ದೀಪಾವಳಿಯೊಳಗೆ ದೋಷ ಸಿಕ್ಕಿ ಕಾರು ಸರಿಯಾದರೆ, ಅಣ್ಣ ಬರುವತನಕ ಅವನೇ ಓಡಿಸುತ್ತಾನೆ. ಸರಿಯಾಗದಿದ್ದರೆ ಹಬ್ಬ ಕಳೆದ ಸೋಮವಾರ ಅಪ್ಪಯ್ಯಣ್ಣ ಬಂದು ಒಯ್ಯುತ್ತಾನೆ. ಅತ್ತೆ ಎಲ್ಲ ಕೇಳಿಸಿಕೊಂಡರು. ಅಲಸಂದೆ ಸಿಪ್ಪೆ ದನಕ್ಕೆ ಹಾಕು ಎಂದು ನನಗೆ ಹೇಳಿ ಎದ್ದುಹೋದರು, ಅಷ್ಟೆ. ಹೆತ್ತವರಿಗೆ ಇಷ್ಟೇನಾ ಅನ್ನಿಸಿತು.

೧೮ ಅಕ್ಟೋಬರ್, ಸೋಮವಾರ

ಯಲಹಂಕದ ಮೆಕ್ಯಾನಿಕ್ ಲಕ್ಷ್ಮಯ್ಯನವರನ್ನು ಕರೆಸಿದೆವು. ಮಾತು ನಿಲ್ಲಿಸದ ಮನುಷ್ಯ. ತಾನು ಸರಿಮಾಡಿದ ಕಾರು, ತನ್ನ ಮಗಳ ಮದುವೆ, ತನ್ನ ಹಲ್ಲುನೋವು, ಎಲ್ಲ ಹೇಳುತ್ತಾ ಕೆಲಸ ಮಾಡಿದರು. ಮಳೆ ಬಂದು ನಿಂತಿತ್ತು, ಕಾರು ಅವರ ಮುಂದೆಯೇ ಚೆನ್ನಾಗಿ ಮಿಸ್ ಹೊಡೆಯಿತು.

ಅವರು ಮಾಡಿದ್ದು ನೋಡಲು ಬಲು ಚೆಂದ. ಪ್ರತಿ ಸಿಲಿಂಡರಿನ ನೆತ್ತಿಗೂ ಒಂದೊಂದು ಪ್ಲಗ್ಗು ಇರುತ್ತದೆ, ಕಿಡಿ ಹಾರುವುದು ಅಲ್ಲಿ. ಇಂಜಿನ್ ಓಡುತ್ತಿರುವಾಗಲೇ ಮರದ ಹಿಡಿಯ ಸ್ಕ್ರೂಡ್ರೈವರಿನ ತುದಿಯನ್ನು ಪ್ಲಗ್ಗಿಗೂ ಮಧ್ಯವನ್ನು ಇಂಜಿನ್ನಿನ ಕಬ್ಬಿಣಕ್ಕೂ ತಾಗಿಸುತ್ತಾರೆ. ಬೆಂಕಿ ಪ್ಲಗ್ಗಿಗೆ ಹೋಗದೆ ಕಬ್ಬಿಣಕ್ಕೆ ಹರಿದು ಆ ಸಿಲಿಂಡರು ನಿಲ್ಲುತ್ತದೆ. ಸದ್ದು ಕುಗ್ಗಿದರೆ ಅದು ಅಲ್ಲಿಯತನಕ ಕೆಲಸ ಮಾಡುತ್ತಿತ್ತು ಎಂದರ್ಥ. ಕುಗ್ಗದಿದ್ದರೆ ಅದೇ ಕಳ್ಳ.

ಮೊದಲನೆಯದಕ್ಕೆ ಸದ್ದು ಕುಗ್ಗಿತು, ಎರಡನೆಯದಕ್ಕೂ ಕುಗ್ಗಿತು. ಮೂರನೆಯದಕ್ಕೆ ಇಟ್ಟರು, ಏನೂ ಆಗಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ನಾನು ಮೂರನೆಯದು ಎಂದುಬಿಟ್ಟೆ. ಇದರಲ್ಲೇನು ದೊಡ್ಡ ವಿದ್ಯೆ? ಒಂದೇ ಒರಳಿಗೆ ನಾಲ್ಕು ಹೆಂಗಸರು ಒನಕೆ ಹಾಕುವಾಗ ಒಬ್ಬಳು ಕೈ ತಪ್ಪಿದರೆ ಅಡುಗೆಮನೆಯಲ್ಲಿದ್ದವಳಿಗೂ ಗೊತ್ತಾಗುತ್ತದೆ.

ಮೂರನೆಯದರ ಪ್ಲಗ್ಗು ಬಿಚ್ಚಿ ಮೊದಲನೆಯದಕ್ಕೆ ಹಾಕಿದರು, ಮೊದಲನೆಯದನ್ನು ಮೂರಕ್ಕೆ. ಆಗಲೂ ಮೂರನೆಯದೇ ಸತ್ತಿತ್ತು. ಹಾಗಾದರೆ ಪ್ಲಗ್ಗಿನ ತಪ್ಪಲ್ಲ. ಪ್ಲಗ್ಗು ಬಿಚ್ಚಿದ ತೂತಿನ ಮೇಲೆ ಹೆಬ್ಬೆರಳಿಟ್ಟು ಗಂಗಣ್ಣನಿಂದ ಹ್ಯಾಂಡಲ್ ತಿರುಗಿಸಿದರು. ಗಾಳಿ ಹೆಬ್ಬೆರಳನ್ನು ತಳ್ಳಿಹಾಕಿತು, ಒಳಗಿನ ಅವಯವವೂ ಗಟ್ಟಿ. ಇನ್ನು ಬೆಂಕಿ ಬರುವ ದಾರಿ ಒಂದೇ ಉಳಿದದ್ದು ಎನ್ನುತ್ತಾ ಕರಿ ಮುಚ್ಚಳದ ಕಡೆ ಬಗ್ಗಿದರು. ಬಗ್ಗಿದವರು ಸುಮ್ಮನಾದರು. ಬಂದಾಗಿನಿಂದ ಅವರು ಸುಮ್ಮನಾದದ್ದು ಅದೊಂದೇ ಸಲ.

ಈ ಪೂಜೆ ಯಾರದು ಎಂದು ಕೇಳಿದರು. ಗಂಗಣ್ಣ ಹೇಳಿದ. ಅವರು ನನ್ನ ಮುಖ ನೋಡಿ ಕೈ ಒರೆಸಿಕೊಂಡರು.

"ಇದನ್ನ ನಾನು ಮುಟ್ಟಾಕಿಲ್ಲ ತಾಯಿ. ನಂಗೂ ಮಿಲಿಟರಿಗೆ ಹೋದ ತಮ್ಮ ಅವ್ನೆ."

ಕೂಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಎಷ್ಟು ದೈವಭಕ್ತಿ ಪಾಪ. ಆದರೆ ದೋಷ ಮಾತ್ರ ಸಿಗಲಿಲ್ಲ.

೨೦ ಅಕ್ಟೋಬರ್, ಬುಧವಾರ

ಬೆಳಗ್ಗೆ ಮಂಜು. ಗಂಗಣ್ಣ ಇಂಜಿನ್ ಶುರುಮಾಡಿ ಇದ್ದಿಲು ತರಲು ಹೋದ. ನಾನೇ ಸ್ಕ್ರೂಡ್ರೈವರ್ ಹಿಡಿದೆ. ಯಾಕೆ ಹಿಡಿಯಬಾರದು? ಮರದ ಹಿಡಿಯನ್ನು ಬಿಟ್ಟು ಕಬ್ಬಿಣ ಹಿಡಿದದ್ದಕ್ಕೆ ಮೊಣಕೈತನಕ ಹೊಡೆಯಿತು. ಇಂಜಿನ್ನಿಗೂ ನಿನ್ನ ಕಂಡರೆ ಆಗುವುದಿಲ್ಲ ಎಂದು ಅತ್ತೆ ಜಗಲಿಯಿಂದ ನಕ್ಕರು.

ಎರಡನೆಯ ಸಲ ಹುಷಾರಾಗಿ ಇಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೂತು, ಈಗ ಕುಗ್ಗಿತು, ಈಗ ಕುಗ್ಗಿತು, ಈಗ ಇಲ್ಲ, ಎಂದು ಕೂಗಿ ಹೇಳಿದರು. ಮತ್ತೆ ಮೂರನೆಯದೇ. ಮುದುಕಿಯ ಕಿವಿ ಚುರುಕು. ಅಟ್ಟದ ಮೇಲೆ ನಾನು ಗೊಣಗಿದ್ದೂ ಕೇಳುತ್ತದೆ ಎಂದು ಮೊದಲೇ ಗೊತ್ತಿತ್ತು.

ಮೂರನೆಯ ತಂತಿಯನ್ನು ಪ್ಲಗ್ಗಿನ ಕಡೆಯಿಂದ ಹಿಡಿದು ಬೆರಳಾಡಿಸಿ ನೋಡಿದೆ, ಎಲ್ಲೂ ತುಂಡಾಗಿಲ್ಲ. ಹಾಗಾದರೆ ಬೆಂಕಿ ಎಲ್ಲಿ ಹೋಗುತ್ತಿದೆ? ಅತ್ತೆ ಮತ್ತು ನಾನು ಜಗಳವಿಲ್ಲದೆ ಒಂದು ಕೆಲಸ ಮಾಡಿದ್ದು ಇದೇ ಮೊದಲಿರಬೇಕು. ಆಮೇಲೆ ಹುರುಳಿ ಸಾರು ನೀರಾಗಿದೆ ಎಂದು ಜಗಳವಾಯಿತು.

೨೨ ಅಕ್ಟೋಬರ್, ಶುಕ್ರವಾರ

ಮುಸುರೆ ತೊಳೆಯದೆ ಬರೆಯಲು ಕೂತಿದ್ದೇನೆ. ಸಂತೋಷಕ್ಕೆ.

ಇವತ್ತು ಗಂಗಣ್ಣ ಬೇಗ ಹೊರಡಬೇಕಿತ್ತು. ನಾನು ಸ್ನಾನ ಮುಗಿಸಿ ತಟ್ಟೆ ಹಿಡಿದು ಬರುವಷ್ಟರಲ್ಲಿ ಇಂಜಿನ್ ಶುರುವಾಗಿತ್ತು. ಇನ್ನೂ ಕತ್ತಲೆ. ಓಡುತ್ತಿರುವಾಗಲೇ ಬಾನೆಟ್ ಎತ್ತಿ ಹಚ್ಚಿದೆ. ಕೈ ಹಿಂದೆಗೆದದ್ದೇ ತಡ, ನನ್ನ ಕುಂಕುಮದ ಮೇಲೆ ಸಣ್ಣ ನೀಲಿ ಬೆಳಕು ಹರಿಯಿತು. ಇರುವೆಯ ಸಾಲಿನ ಹಾಗೆ, ತಂತಿಯ ಬುಡದಿಂದ ಹೊರಟು ಮುಚ್ಚಳವನ್ನು ಬಿಗಿದಿರುವ ಕಬ್ಬಿಣದ ಕೊಂಡಿಯತನಕ. ಮತ್ತೆ ಮತ್ತೆ ಹರಿಯಿತು. ನಾನು ಕಣ್ಣಾರೆ ನೋಡಿದೆ.

ಇಷ್ಟು ದಿನ ಹಚ್ಚಿದ್ದಕ್ಕೆ ಇವತ್ತು ಉತ್ತರ ಬಂತು. ಅವರು ಕ್ಷೇಮವಾಗಿದ್ದಾರೆ. ನನಗೆ ಗೊತ್ತು, ಕ್ಷೇಮವಾಗಿದ್ದಾರೆ. ಅತ್ತೆಗೂ ಹೇಳಲಿಲ್ಲ, ಗಂಗಣ್ಣನಿಗೂ ಹೇಳಲಿಲ್ಲ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ, ಎಷ್ಟೋ ತಿಂಗಳ ಮೇಲೆ.

೨೪ ಅಕ್ಟೋಬರ್, ಭಾನುವಾರ

ಬಿಸಿಲು. ಕಾರು ಚೆನ್ನಾಗಿ ಓಡಿತು.

ಬಾನೆಟ್ ಎತ್ತಿ ನೋಡಿದೆ. ಬೆಳಕು ಹರಿದ ಕಡೆ ಕುಂಕುಮದಲ್ಲಿ ಕಪ್ಪು ಗೆರೆ ಬಿದ್ದಿದೆ, ಸುಟ್ಟ ಹಾಗೆ. ಗೆರೆ ಹೊರಟಿರುವುದು ಮೂರನೆಯ ತಂತಿಯ ಬುಡದಿಂದ.

ಇವತ್ತು ಬೇರೇನೂ ಬರೆಯುವುದಿಲ್ಲ.

೨೬ ಅಕ್ಟೋಬರ್, ಮಂಗಳವಾರ

ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆಯೇ? ಬರೆದುಬಿಡುತ್ತೇನೆ.

ಲಕ್ಷ್ಮಯ್ಯನವರ ಸ್ಕ್ರೂಡ್ರೈವರ್ ಮಾಡಿದ ಕೆಲಸವನ್ನೇ ನನ್ನ ಕುಂಕುಮ ಮಾಡುತ್ತಿದೆ. ಮೂರನೆಯ ಸಿಲಿಂಡರಿಗೆ ಹೋಗಬೇಕಾದ ಬೆಂಕಿ ಹಸಿ ಕುಂಕುಮದ ಮೇಲೆ ಹರಿದು ಕಬ್ಬಿಣಕ್ಕೆ ಸೇರುತ್ತಿದೆ. ನಾನು ನಿಲ್ಲುವ ಕಡೆಗೆ ಹತ್ತಿರ ಇರುವುದು ಮೂರನೆಯ ತಂತಿ, ಅದರ ಬುಡಕ್ಕೇ ಜಾಸ್ತಿ ಹಚ್ಚುತ್ತಾ ಬಂದಿದ್ದೇನೆ. ಬಿಸಿಲಿಗೆ ಒಣಗಿದರೆ ಕಾರು ಸರಿಯಾಗಿ ಓಡುತ್ತದೆ. ಮಂಜು ಬಿದ್ದರೆ, ಮಳೆ ಬಂದರೆ, ನಾನು ಹೊಸದಾಗಿ ಹಚ್ಚಿದರೆ ಮಿಸ್ ಹೊಡೆಯುತ್ತದೆ. ಮಂಗಳವಾರ, ಶುಕ್ರವಾರ. ಹಿಂದಿನ ಹಾಳೆ ತಿರುಗಿಸಿದರೆ ನಾನೇ ಬರೆದಿದ್ದೇನೆ. ನೋಡುವ ಕಣ್ಣಿರಲಿಲ್ಲ.

ಇವತ್ತು ಹೊಸದಾಗಿ ಹಚ್ಚದೆ ಒಂದು ಹೂವು ಮಾತ್ರ ಇಟ್ಟೆ. ಪ್ರಯೋಜನವಾಗಲಿಲ್ಲ, ಹಳೆಯ ಪದರವೇ ಮಂಜು ಕುಡಿದು ಕೂತಿತ್ತು. ಒರೆಸದೆ ಗತಿಯಿಲ್ಲ. ಬಟ್ಟೆ ಹಿಡಿದು ಮುಚ್ಚಳದ ಹತ್ತಿರ ಕೈ ಒಯ್ದೆ. ಮಾವ ತೀರಿಕೊಂಡ ದಿನ ಅತ್ತೆಯ ಹಣೆಯ ಕುಂಕುಮ ಒರೆಸಿದ್ದನ್ನು ನಾನು ಹೊಸ ಸೊಸೆಯಾಗಿ ಕಂಬದ ಹಿಂದೆ ನಿಂತು ನೋಡಿದ್ದೆ. ಅದು ಕಣ್ಣಿಗೆ ಕಟ್ಟಿತು. ಕೈ ಹಿಂದಕ್ಕೆ ಬಂತು.

ಗಂಗಣ್ಣನನ್ನು ಕರೆದು ಎಲ್ಲ ತೋರಿಸಿದೆ. ಹೊಸ ಮುಚ್ಚಳ ಸಿಗುತ್ತದೆಯೇ ಎಂದರೆ, ಯುದ್ಧ ಮುಗಿಯುವತನಕ ಇಂಥ ಸಾಮಾನು ಕಣ್ಣಿಗೂ ಬೀಳುವುದಿಲ್ಲವಂತೆ. ಹಾಗಾದರೆ ನೀನೇ ಒರೆಸಪ್ಪ ಎಂದೆ. ಅವನು ಹಿಂದಕ್ಕೆ ಸರಿದ.

"ಅಣ್ಣನ ಹೆಸರಲ್ಲಿ ಹಚ್ಚಿರೋದು. ನನ್ ಕೈಲಾಗಾಕಿಲ್ಲ ಅತ್ತಿಗೆ. ಕಾರು ಹೋದ್ರೆ ಹೋಗ್ಲಿ."

ಲಕ್ಷ್ಮಯ್ಯನವರು ಯಾಕೆ ಸುಮ್ಮನಾದರು ಎಂದು ಈಗ ಅರ್ಥವಾಯಿತು. ಅವರಿಗೆ ಅಂದೇ ಗೊತ್ತಾಗಿತ್ತು. ನನ್ನ ಮುಖ ನೋಡಿ ಹೇಳಲಾರದೆ ಹೋದರು. ಒರೆಸದಿದ್ದರೆ ಕಾರು ಹೋಗುತ್ತದೆ, ಯಜಮಾನರು ಬರುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ಒರೆಸಿದರೆ ನನ್ನ ಹಣೆಯದನ್ನೇ ಕೈಯಾರೆ ಒರೆಸಿದಂತಾಗುತ್ತದೆ. ನನಗೆ ಭಯವಾಗುತ್ತಿದೆ.

೩೦ ಅಕ್ಟೋಬರ್, ಶನಿವಾರ, ಬಲಿಪಾಡ್ಯಮಿ

ಹಬ್ಬ ಆಯಿತು ಅಂದರೆ ಆಯಿತು. ಅತ್ತೆ ಒಬ್ಬಟ್ಟು ತಟ್ಟಿದರು. ಯಾರಿಗೂ ಎರಡನೆಯದು ಬೇಕಾಗಲಿಲ್ಲ.

ಗಂಗಣ್ಣ ಅತ್ತೆಗೆ ಎಲ್ಲ ಹೇಳಿದ್ದಾನೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ನನ್ನ ತಲೆಗೆ ಎಣ್ಣೆ ಒತ್ತುವಾಗ ಮಾತ್ರ ನೆತ್ತಿಯ ಮೇಲೆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

೧ ನವೆಂಬರ್, ಸೋಮವಾರ

ಅಪ್ಪಯ್ಯಣ್ಣ ಮೊದಲನೆಯ ಬಸ್ಸಿಗೇ ಬಂದ. ತನ್ನ ಡ್ರೈವರನ್ನೂ ಕರೆತಂದಿದ್ದ. ಮಂಜು ಇನ್ನೂ ಬಿಟ್ಟಿರಲಿಲ್ಲ. ಗಂಗಣ್ಣ ಒಲೆ ಹೊತ್ತಿಸಿ, ಗಾಳಿಯ ಚಕ್ರ ತಿರುವಿ, ಹ್ಯಾಂಡಲ್ ಹಾಕಿದ. ಕಾರು ಶುರುವಾಯಿತು, ಮೂರನೆಯದು ಸತ್ತೇ ಇತ್ತು. ಹಿಂದುಗಡೆ ಒಂದು ಸಲ ಢಂ ಎಂದಿತು. ಅಪ್ಪಯ್ಯಣ್ಣ ಮಜ್ಜಿಗೆ ಕುಡಿಯುತ್ತಾ ಮುಗುಳ್ನಕ್ಕ. ಕೊಳ್ಳುವವನಿಗೆ ಐಬು ಕಂಡರೆ ಖುಷಿಯೇ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅಳು ಕೂಡ ಬರಲಿಲ್ಲ.

ಅತ್ತೆ ಒಳಗಿನಿಂದ ಬಂದರು. ಇಂಜಿನ್ ನಿಲ್ಲಿಸು ಎಂದು ಮಗನಿಗೆ ಹೇಳಿದರು, ಬಾನೆಟ್ ತೆಗೆಸಿದರು. ಆಮೇಲೆ ನನ್ನನ್ನು ಕರೆದು ಎಲ್ಲಿ ಹಚ್ಚಿದ್ದೀಯ ತೋರಿಸು ಎಂದರು. ತೋರಿಸಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಾಗ ಏನು ಮಾಡಲು ಬಂದಿದ್ದಾರೆಂದು ಗೊತ್ತಾಗಿ ಅವರ ಮಣಿಕಟ್ಟು ಹಿಡಿದುಕೊಂಡೆ. ಬೇಡ ಅತ್ತೆ ಎಂದೆ.

"ಬಿಡೇ. ಅವನು ಹುಟ್ಟಿದಾಗ ಮೈಮೇಲಿನ ರಕ್ತ ಒರೆಸಿದೋಳು ನಾನು. ಮೂಗು ಒರೆಸಿದೀನಿ, ಕಣ್ಣು ಒರೆಸಿದೀನಿ. ಒರೆಸೀ ಒರೆಸೀನೇ ಬೆಳೆಸಿದೀನಿ. ತಾಯಿ ಒರೆಸಿದ್ರೆ ಏನೂ ಆಗಲ್ಲ."

ಮಾವ ಹೋದ ಮೇಲೆ ಕುಂಕುಮದ ಬಟ್ಟಲನ್ನೂ ಮುಟ್ಟದ ಕೈ ಅದು. ಒರೆಸಿದರು. ಒಣಗಿದ ಪದರ ಚಕ್ಕೆ ಚಕ್ಕೆಯಾಗಿ ಉದುರಿತು, ಅಂಟಿಕೊಂಡದ್ದನ್ನು ಉಗುರಿನಲ್ಲಿ ಕೆರೆದು ತೆಗೆದರು. ಕೊನೆಯ ಕಪ್ಪು ಗೆರೆಯನ್ನು ಮಾತ್ರ ಗಂಗಣ್ಣ ಚಾಕುವಿನಲ್ಲಿ ಕೆರೆದ. ಅಪ್ಪಯ್ಯಣ್ಣ ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದು ನಿಂತಿದ್ದ.

ಗಂಗಣ್ಣ ಹ್ಯಾಂಡಲ್ ಹಾಕಿದ. ನಾಲ್ಕೂ ಏಟು ಬಿದ್ದವು. ನಾನು ಸ್ಕ್ರೂಡ್ರೈವರ್ ತಂದು, ಹೊರಗಿನವರಿದ್ದಾರೆ ಎಂಬುದನ್ನೂ ನೋಡದೆ, ಮೂರನೆಯದಕ್ಕೆ ಇಟ್ಟೆ. ಸದ್ದು ಕುಗ್ಗಿತು. ತೆಗೆದೆ, ಎದ್ದಿತು. ಇನ್ನೊಂದು ಸಲ ಇಟ್ಟು ತೆಗೆದೆ. ಸಾಕು ಬಿಡಿ ಅತ್ತಿಗೆ ಎಂದು ಗಂಗಣ್ಣ ನಕ್ಕ. ಅವನ ಕಣ್ಣು ಒದ್ದೆಯಾಗಿತ್ತು.

ಈಗಂತೂ ಕಾರು ಬಿಡುವುದೇ ಇಲ್ಲ, ಇನ್ನಷ್ಟು ಸೇರಿಸಿ ಕೊಡುತ್ತೇನೆ ಎಂದು ಅಪ್ಪಯ್ಯಣ್ಣ ಶುರುಮಾಡಿದ. ಇದು ಅಣ್ಣನ ಕಾರು, ಅವನು ಬರುವತನಕ ನಾನು ಓಡಿಸುವುದೆಂದು ಮಾತಾಗಿದೆ ಎಂದ ಗಂಗಣ್ಣ. ಬೇಕಾದರೆ ನಿಮ್ಮನ್ನು ಇದರಲ್ಲೇ ನೆಲಮಂಗಲಕ್ಕೆ ಬಿಟ್ಟುಬರುತ್ತೇನೆ, ಕೂತುಕೊಳ್ಳಿ ಎಂದ. ಅಪ್ಪಯ್ಯಣ್ಣ ಗೊಣಗುತ್ತಲೇ ಕೂತ. ಬೀದಿಯ ತಿರುವು ದಾಟಿ ಹೋಗುವತನಕ ಕಿವಿಗೊಟ್ಟು ನಿಂತಿದ್ದೆ. ಒಂದು ಏಟೂ ತಪ್ಪಲಿಲ್ಲ.

ಒಳಗೆ ಬಂದರೆ ಅತ್ತೆ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಅಂಗೈಯೆಲ್ಲ ಕೆಂಪು. ತೊಳೆದಿರಲಿಲ್ಲ.

"ಒರೆಸಿಬಿಟ್ಟೆ ಕಣೇ ಅಂಜಿನಿ" ಎಂದರು. ಮಗುವಿನ ಹಾಗೆ ನನ್ನ ಮುಖ ನೋಡಿ, "ಏನೂ ಆಗಲ್ಲ ಅಲ್ವಾ?" ಎಂದು ಕೇಳಿದರು.

ನಾನು ಅವರ ಪಕ್ಕ ಕೂತೆ. "ತಾಯಿ ಒರೆಸಿದ್ರೆ ಏನೂ ಆಗಲ್ಲ ಅತ್ತೆ" ಎಂದೆ.

ಚೊಂಬಿನಲ್ಲಿ ನೀರು ತಂದು ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದು ತೊಳೆದೆ. ಬೆರಳ ಸಂದಿಯ ಬಣ್ಣ ಬೇಗ ಬಿಡಲಿಲ್ಲ. ಬಿಡುವತನಕ ಇಬ್ಬರೂ ಅಲ್ಲೇ ಕೂತಿದ್ದೆವು.